ಒಣ ತೂಕ

"ಎಂಟು ಪೌಂಡ್ ಇಳಿಸಿದಾರೆ, ವರ್ಜಿಲ್! ಎಂಟು!" ಎಂದು ಡ್ವೇನ್, ಬರುವ ಚಳಿಗಾಲಕ್ಕೆ ಬರಲಿರುವ, ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳ ಪುಸ್ತಿಕೆಯನ್ನು ಮೇಜಿಗೆ ಬಡಿದ.

"ಇಳಿಸಿ ಏನ್ ಬಂತು? ಗುಂಡಿ ಒತ್ತಿದ್ರೆ ಸ್ಟಾರ್ಟ್ ಆಗೋ ಮೋಟಾರ್ ಕಿತ್ತು, ಹಗುರ ಅಂತಾರೆ. ಆಮೇಲೆ ಅದನ್ನೇ ಐನೂರು ಡಾಲರಿಗೆ ಬೇರೆ ಮಾರ್ತಾರೆ," ಎಂದ ಸರೋವರದ ದಡದ ಆ ಅಂಗಡಿಯ ಮಾಲೀಕ ವರ್ಜಿಲ್. ತಾನು ಮಾರುವ ಸರಕನ್ನು ತಾನೇ ಬೈಯುವುದೆಂದರೆ ಅವನಿಗೆ ಪ್ರಾಣ. "ಉಳಿಸಿದ ತೂಕಾನೆಲ್ಲ ಮುಂದಿನ ಪರದೆಗೆ ತುಂಬಿದಾರೆ. ನಕ್ಷೆಯಂತೆ, ಹಾಡಂತೆ. ಹದಿನೇಳು ಸಾವಿರ ಸುರಿದು ಹಿಮದಲ್ಲಿ ಟೀವಿ ನೋಡೋಕಾ?"

"ಟರ್ಬೋ ಇದೆಯಲ್ಲ!"

"ಟರ್ಬೋ ನಿನ್ ತಲೆ! ಮಿನೆಸೋಟದಲ್ಲಿ ಯಾವ ಬೆಟ್ಟ ಹತ್ತಬೇಕಪ್ಪ ನೀನು?"

ಮಾರ್ಲಿಸ್ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂವರೆ. ಮಾರ್ಚ್ ತಿಂಗಳ ಕೊನೆಯ ದಿನ. ಐದಕ್ಕೆ ಮುಂಗಡ ಕಟ್ಟುವ ಗಡುವು ಮುಗಿಯುತ್ತದೆ. ಗಾಡಿ ಬರುವುದು ನವೆಂಬರಿಗೆ, ಕಂಡವರು ಯಾರೂ ಇಲ್ಲ, ಆದರೂ ಊರಿಗೆ ಊರೇ ಪ್ರತಿ ವರ್ಷ ಹೀಗೆ ಚಿತ್ರ ನೋಡಿ ದುಡ್ಡು ಕಟ್ಟುತ್ತದೆ. ಸಲಹೆಗೆಂದು ಮೈದುನ ಡ್ವೇನನನ್ನು ಕರೆತಂದದ್ದು ಅವಳದೇ ತಪ್ಪು. ಮೂರು ಗಂಟೆಯಿಂದ ಇದೇ ರಾಮಾಯಣ.

ಅವಳಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಅವಳ ಮನೆ ಸರೋವರದ ನಡುವಿನ ದ್ವೀಪದಲ್ಲಿದೆ; ಚಳಿಗಾಲದಲ್ಲಿ ಮಂಜುಗಡ್ಡೆಯೇ ರಸ್ತೆ. ಒಂಬತ್ತು ದಿನದ ಹಿಂದೆ ನಡುದಾರಿಯಲ್ಲಿ ಅವಳ ಗಾಡಿ ಹಿಮದಡಿ ನಿಂತ ನೀರಿನ ರಾಡಿಯಲ್ಲಿ ಹೂತುಹೋಯಿತು. ಹಾಗಾದಾಗ ಹಿಂಭಾಗ ಎತ್ತಿ ಗಟ್ಟಿ ಹಿಮದ ಮೇಲಿಟ್ಟರೆ ಆಯಿತು. ಮೂವತ್ತು ವರ್ಷ ಗಂಡ ಜೀನ್ ಎತ್ತಿದ್ದ. ಹೋದ ಶರತ್ಕಾಲದಲ್ಲಿ ಅವನ ಬೆನ್ನಿಗೆ ಶಸ್ತ್ರಚಿಕಿತ್ಸೆಯಾಯಿತು, ಬೆಕ್ಕಿಗಿಂತ ಭಾರವಾದದ್ದನ್ನು ಎತ್ತಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಅವಳು ಕೈ ಸೋಲುವ ತನಕ ಎಳೆದಾಡಿ, ಒದ್ದೆ ಬೂಟಿನಲ್ಲಿ ಒಂದು ಮೈಲಿ ನಡೆದು ಮನೆ ಸೇರಿದಳು. ಜೀನ್ ಅಷ್ಟನ್ನೂ ಕಿಟಕಿಯಿಂದ ದುರ್ಬೀನಿನಲ್ಲಿ ನೋಡಿದ್ದ. ಬಾಗಿಲಲ್ಲಿ ನಿಂತು, "ಬರೋ ಚಳಿಗಾಲಕ್ಕೆ ಡುಲೂತ್‌ಗೆ ಹೋಗಿಬಿಡೋಣ, ಮಾರ್ಲಿಸ್," ಎಂದಷ್ಟೇ ಹೇಳಿದ. ಗಾಡಿ ಇನ್ನೂ ಅಲ್ಲೇ ಹೆಪ್ಪುಗಟ್ಟಿ ನಿಂತಿದೆ. ಮಾರ್ಲಿಸ್‌ಗೆ ದ್ವೀಪ ಬಿಟ್ಟು ಡುಲೂತ್ ಪಟ್ಟಣ ಸೇರುವುದು ಬೇಡ.

"ಹಿಂಭಾಗ ನಾನೊಬ್ಬಳೇ ಎತ್ತೋಕಾಗುತ್ತಾ?" ಎಂದು ಮೂರನೆಯ ಸಲ ಕೇಳಿದಳು.

"ಅತ್ತಿಗೆ, ನಾವು ಮಾತಾಡ್ತಿರೋದೇ ಅದು. ನಾನೂರ ಮೂವತ್ತೆರಡು ಪೌಂಡ್. ಒಣ ತೂಕ."

"ಒಣ ತೂಕ ಅಂದ್ರೆ ಪೆಟ್ರೋಲ್ ಇಲ್ದೆ, ಆಯಿಲ್ ಇಲ್ದೆ ತೂಗಿದ್ದು. ಪೆಟ್ರೋಲ್ ಇಲ್ದೆ ಸರೋವರ ದಾಟ್ತೀನಾ ನಾನು? ಎತ್ತಿ ನೋಡಿದೋರು ಯಾರಾದ್ರೂ ಇದಾರಾ ಹೇಳಿ."

"ಗಾಡಿನೇ ಬಂದಿಲ್ವಲ್ಲಮ್ಮ ಇನ್ನೂ," ಎಂದ ವರ್ಜಿಲ್.

ಮಾರ್ಲಿಸ್‌ಗೆ ಪಿತ್ತ ನೆತ್ತಿಗೇರಿತು. ಕಿಟಕಿಯ ಬಳಿ ಮಿರುಗುತ್ತಿದ್ದ ಈ ವರ್ಷದ ಗಾಡಿಯ ಹಿಂದಿನ ಸರಳನ್ನು ಹಿಡಿದು ಎತ್ತಿದಳು. ಸ್ಪ್ರಿಂಗುಗಳು ನಿಗುರಿದವು, ಚಕ್ರದ ಬದಲಿಗಿರುವ ರಬ್ಬರ್ ಪಟ್ಟಿ ಮಾತ್ರ ನೆಲ ಬಿಡಲಿಲ್ಲ. ಇನ್ನೊಮ್ಮೆ ಎಳೆದಳು. ಊಹೂಂ.

"ಸೊಂಟದಿಂದಲ್ಲ ಅತ್ತಿಗೆ, ಮೊಣಕಾಲಿಂದ ಎತ್ಬೇಕು," ಎಂದ ಡ್ವೇನ್, ಬಾಯಿತುಂಬ ಡೋನಟ್ ಇಟ್ಟುಕೊಂಡು.

ಅವನಿಗೆ ನಾಲ್ಕು ಮಾತು ಬಿಗಿಯಲೆಂದು ತಿರುಗಿದವಳ ಕಣ್ಣು, ಡೋನಟ್ ಡಬ್ಬಿ ಇದ್ದ ಜಾಗದ ಮೇಲೆ ನಿಂತಿತು. ಮೂವತ್ತೈದು ವರ್ಷದ ಹಳೆಯ ಹಳದಿ ಗಾಡಿ. ವರ್ಜಿಲ್ ಅದರ ಸೀಟಿನ ಮೇಲೊಂದು ಹಲಗೆಯಿಟ್ಟು ಕಾಫಿ ಮೇಜು ಮಾಡಿಕೊಂಡಿದ್ದ. ತಿಂಗಳಿಗೊಮ್ಮೆ ಹೊಗೆಯ ವಾಸನೆಗೆಂದೇ ಅದನ್ನು ಸ್ಟಾರ್ಟ್ ಮಾಡುತ್ತಿದ್ದ. ಮಾರ್ಲಿಸ್ ಡಬ್ಬಿಯನ್ನು ಡ್ವೇನನ ಕೈಗೆ ತುರುಕಿ, ಕಾಫಿ ಪಾತ್ರೆಯನ್ನೂ ಹಲಗೆಯನ್ನೂ ನೆಲಕ್ಕಿಳಿಸಿ, ಹಿಂಭಾಗ ಹಿಡಿದೆತ್ತಿದಳು. ಮೊಣಕಾಲಿನ ಮಟ್ಟಕ್ಕೆ ಬಂತು. ಪಕ್ಕಕ್ಕೆ ಒಂದಡಿ ಸರಿಸಿಟ್ಟಳು.

"ಇದಕ್ಕೆಷ್ಟು?"

"ಇದಾ? ಇದು ಮಾರೋಕಲ್ಲ, ಕಾಫಿ ಇಡೋಕೆ."

"ಕಾಫಿನ ಆ ಹೊಸದ್ರ ಮೇಲಿಡಿ. ಎಷ್ಟು?"

"ಎಂಟ್ನೂರು," ಎಂದು ವರ್ಜಿಲನ ಬಾಯಿಂದ ಹೊರಬಿತ್ತು.

"ಅದಕ್ಕೆ ರಿವರ್ಸೇ ಇಲ್ಲ ಅತ್ತಿಗೆ!"

"ಎತ್ತಿ ತಿರುಗಿಸ್ತೀನಿ," ಎಂದು ಚೆಕ್ಕು ಬರೆದು ಮೇಜಿನ ಮೇಲಿಟ್ಟಳು.

"ಅಲ್ಲ ವರ್ಜಿಲ್, ಅದು ಎಷ್ಟು ತೂಗುತ್ತೆ?" ಎಂದು ಡ್ವೇನ್ ಕೇಳಿದ.

"ಮುನ್ನೂರೈವತ್ತು."

"ಮುನ್ನೂರ ಎಪ್ಪತ್ತಕ್ಕೆ ಒಂದ್ ಪೌಂಡ್ ಕಮ್ಮಿ ಇಲ್ಲ. ನೀನು ಹೇಳ್ತಿರೋದು ಒಣ ತೂಕ."

ಇಬ್ಬರೂ ಕಪಾಟಿನಲ್ಲಿ ಹಳೆಯ ಪುಸ್ತಿಕೆ ಹುಡುಕತೊಡಗಿದರು. ಹಿಂದೆ ಗಾಡಿ ಸ್ಟಾರ್ಟ್ ಮಾಡುವ ಹಗ್ಗ ಎಳೆದ ಸದ್ದಾಯಿತು. ಎರಡನೆಯ ಎಳೆತಕ್ಕೆ ಎಂಜಿನ್ ಹೊತ್ತಿ, ಅಂಗಡಿಯೆಲ್ಲ ನೀಲಿ ಹೊಗೆ. ಅವರು ಕೆಮ್ಮುತ್ತ ತಿರುಗುವಷ್ಟರಲ್ಲಿ ಹಳದಿ ಗಾಡಿ ಅಗಲ ಬಾಗಿಲು ದಾಟಿ ಸರೋವರಕ್ಕೆ ಇಳಿದಿತ್ತು.

ದೂರದಲ್ಲಿ, ಹೂತುಹೋದ ಗಾಡಿ ಕಪ್ಪಗೆ ಕಾಣುವಲ್ಲಿ, ಅವಳು ನಿಲ್ಲಿಸಿ ಇಳಿದಳು.

"ನೋಡಿದ್ಯಾ, ಕೆಟ್ಟೋಯ್ತು," ಎಂದ ಡ್ವೇನ್, ಡಬ್ಬಿ ಹಿಡಿದುಕೊಂಡೇ.

ಅವಳು ಹಳದಿ ಗಾಡಿಯ ಹಿಂಭಾಗ ಎತ್ತಿದಳು, ಇಟ್ಟಳು. ಮತ್ತೆ ಎತ್ತಿ, ಅರ್ಧ ಸುತ್ತು ತಿರುಗಿಸಿ ಇಟ್ಟಳು.

"ಸಿಕ್ಕಿಕೊಂಡೂ ಇಲ್ಲ, ಏನಿಲ್ಲ. ಸುಮ್‌ಸುಮ್ನೆ ಯಾಕೆ ಎತ್ತಿಡ್ತಿದಾಳೆ?" ಎಂದ ವರ್ಜಿಲ್.

ಮಾರ್ಲಿಸ್ ದ್ವೀಪದ ಮೇಲಿನ ಮನೆಯ ಕಿಟಕಿಯ ಕಡೆ ಮುಖಮಾಡಿ ಎರಡೂ ಕೈ ಬೀಸಿದಳು.