ಹನ್ನೊಂದು ಸಾಲು

ತಂತ್ರಾಂಶ ಪರೀಕ್ಷಿಸುವ, ಆಫೀಸಿನವರೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸು ಬಲಗೈ ಮುರಿದು ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಕೆಲಸದ ಪಟ್ಟಿಯಲ್ಲಿ ಅವಳ ಹೆಸರಿನಲ್ಲಿ ‘ಪರೀಕ್ಷೆ ನಡೆಯುತ್ತಿದೆ, ತೊಂದರೆಯಿಲ್ಲ’ ಎಂಬ ಟಿಪ್ಪಣಿ ಬಿತ್ತು. ಅದನ್ನು ಬರೆದದ್ದು ಅದೇ ಆಫೀಸಿನ ಪ್ರೋಗ್ರಾಮರ್‌ನ ಸ್ಕ್ರಿಪ್ಟು, ತಾನಾಗಿ ಓಡುವ ಪುಟ್ಟ ಪ್ರೋಗ್ರಾಂ. ಆ ಪಟ್ಟಿಯಲ್ಲಿ ದಿನವೂ ಕಮಾಂಡ್ ಟೈಪ್ ಮಾಡಿ ಪ್ರಗತಿ ಬರೆಯುವುದು ಎಲ್ಲರಿಗೂ ತಲೆನೋವಾಗಿತ್ತು. ನಾಲ್ಕು ಗಂಟೆಗೆ ಯಾರ ಸಾಲೂ ಖಾಲಿ ಇರಬಾರದೆಂದು ಮ್ಯಾನೇಜರರ ಕಟ್ಟಪ್ಪಣೆ. ಇವನು ಎಲ್ಲರ ಹೆಸರನ್ನೂ ಸೇರಿಸಿ, ಟಿಪ್ಪಣಿ ತಾನಾಗಿಯೇ ಬೀಳುವಂತೆ ಮಾಡಿ ಮ್ಯಾನೇಜರರಿಂದಲೂ ಶಭಾಷ್ ಅನ್ನಿಸಿಕೊಂಡಿದ್ದ. ಈಗ ಪರೀಕ್ಷೆಯೇ ಆಗದ ತಂತ್ರಾಂಶ ಗಿರಾಕಿಯ ಬಳಿ ಕೈಕೊಟ್ಟಿತ್ತು.

“ಸುಳ್ಳು ವರದಿ ಬರೆದೋರನ್ನ ಇಟ್ಕೊಳ್ಳೋಕಾಗಲ್ಲಮ್ಮ,” ಎಂದರು ಮ್ಯಾನೇಜರ್, ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿ.

ಅಕ್ಕ ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲೆ ಇಟ್ಟಳು. “ಇದರಲ್ಲಿ ಜಡೆ ಹಾಕ್ಕೊಳ್ಳೋಕೇ ಆಗ್ತಿಲ್ಲ ಸರ್, ವರದಿ ಎಲ್ಲಿಂದ ಬರೀಲಿ? ನೀನೇ ಹೇಳಪ್ಪ.”

ಕೊನೆಯ ಮಾತು ಪ್ರೋಗ್ರಾಮರ್‌ಗೆ. ಅವನ ಕಣ್ಣು ಪ್ಲಾಸ್ಟರಿನ ಮೇಲೆ ನೆಟ್ಟಿತು. ‘ಬೇಗ ಹುಷಾರಾಗಿ ಅಕ್ಕ’ ಎಂದು ನೀಲಿ ಪೆನ್ನಿನಲ್ಲಿ ಬರೆದಿತ್ತು. ಮೂರನೆಯ ದಿನ ನೋಡಲು ಹೋದಾಗ, ಅವಳ ಮಂಚದ ಅಂಚಿನಲ್ಲಿ ಕೂತು ಅವನೇ ಬರೆದದ್ದು. ಅಂದೂ ನಾಲ್ಕು ಗಂಟೆಗೆ ‘ತೊಂದರೆಯಿಲ್ಲ’ ಬಿದ್ದಿತ್ತು. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು ಅವನಿಗೆ.

ಅಕ್ಕನನ್ನು ಹೊರಗೆ ಕೂರಿಸಿ ಮ್ಯಾನೇಜರ್ ಬಾಗಿಲು ಮುಚ್ಚಿದರು. “ಸ್ಕ್ರಿಪ್ಟು ಅಳಿಸಿಬಿಡು. ಟಿಪ್ಪಣಿ ಹಾಗೇ ಇರಲಿ. ಒಂದು ತಲೆ ಹೋದ್ರೆ ಉಳಿದೋರು ಬಚಾವು. ನಿಂಗೂ ಹೆಂಡ್ತಿ ಮಕ್ಕಳಿದ್ದಾರೆ.”

ಕೀಬೋರ್ಡು ಅವನ ಮುಂದೆ ಸರಿಯಿತು. ಅವನು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.

“ಅಳಿಸಲ್ಲ ಸರ್. ಅಕ್ಕನ್ನ ಒಳಗೆ ಕರೀರಿ. ಅವರ ಎದುರಿಗೇ ಹೇಳ್ತೀನಿ.”