ಬಡಾಯಿ ಪದದ ಮೂಲ

ನಿಘಂಟು ಮಾಡಿದ ನಮ್ಮ ಮೇಷ್ಟ್ರು ತೀರಿಕೊಂಡ ಮೇಲೆ ನಡೆದ ನುಡಿನಮನ ಅದು. ಅವರ ಫೋಟೋಗೆ ಹಾಕಿದ್ದ ಹಾರಕ್ಕಿಂತ ಮೈಕಿನ ಮುಂದಿದ್ದ ಶಿಷ್ಯೋತ್ತಮನ ಜರಿಶಾಲೇ ಹೆಚ್ಚು ಮಿನುಗುತ್ತಿತ್ತು. ನಿಘಂಟಿಗೆ ಹೆಸರು ಸೂಚಿಸಿದವನು ಅವನಂತೆ, ಕರಡು ತಿದ್ದಿದವನೂ ಅವನಂತೆ. ಮೇಷ್ಟ್ರು ಏನು ಮಾಡಿದರೆಂದು ಮಾತ್ರ ಹೇಳಲಿಲ್ಲ.

"ಹೋದ ತಿಂಗಳಷ್ಟೇ ಗುರುಗಳು ಫೋನ್ ಮಾಡಿದ್ದರು," ಎಂದು ಆತ ಕಣ್ಣೊರೆಸಿಕೊಂಡ. "'ಬಡಾಯಿ ಅನ್ನೋ ಪದದ ಮೂಲ ತಿಳೀತಿಲ್ಲ ಕಣಯ್ಯಾ, ನೀನೇ ಹೇಳು' ಅಂದರು. ಅದು ಹಿಂದಿ ಕಡೆಯದು ಗುರುಗಳೇ, 'ಬಡಾ' ಅಂದರೆ ದೊಡ್ಡದು. ಅಲ್ಲಿ ಬಡಾಯಿ ಅಂದರೆ ದೊಡ್ಡತನ, ನಮ್ಮಲ್ಲಿಗೆ ಬಂದು ಇಲ್ಲದ ದೊಡ್ಡತನ ಕೊಚ್ಚಿಕೊಳ್ಳೋದಾಯ್ತು ಅಂದೆ. 'ಭೇಷ್! ನನ್ನ ಕೆಲಸ ಮುಂದುವರಿಸೋನು ನೀನೊಬ್ಬನೇ' ಅಂದರು. ಅದೇ ನಾನು ಕೇಳಿದ ಅವರ ಕೊನೆಯ ಮಾತು."

ಜನ ಚಪ್ಪಾಳೆ ತಟ್ಟಿದರು. ಸತ್ತವರ ಸಭೆಯಲ್ಲಿ ಚಪ್ಪಾಳೆ! ಥೂ, ಎದ್ದು ಹೋಗೋಣವೆಂದರೆ ಮೌನಾಚರಣೆ ಇನ್ನೂ ಬಾಕಿ ಇತ್ತು.

ಆತ ವೇದಿಕೆ ಇಳಿದು, ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರ ಹೆಂಡತಿಗೆ ಬಗ್ಗಿ ಕೈಮುಗಿದ.

"ಧೈರ್ಯ ತಂದ್ಕೊಳ್ಳಿ ಅಮ್ಮ. ಫೋನಲ್ಲಿ ಕೇಳಿದ ಅವರ ದನಿ ಇನ್ನೂ ನನ್ನ ಕಿವಿಯಲ್ಲೇ ಇದೆ."

ಆಕೆ ತಟ್ಟನೆ ಅವನ ಎರಡೂ ಕೈ ಹಿಡಿದುಕೊಂಡರು.

"ಹೇಗಿತ್ತಪ್ಪಾ ದನಿ? ಲಕ್ವ ಹೊಡೆದು ಅವರ ಮಾತು ನಿಂತುಹೋದ ಮೇಲೆ, ಐದು ವರ್ಷದಿಂದ ನಾನು ಕೇಳೇ ಇಲ್ಲ."