ಸುಲಿಯುವ ಕೈ

"ಇದನ್ನ ನಿಂಗೆ ಯಾರಯ್ಯ ಕಲ್ಸಿದ್ರು?"

ರಂಗಸ್ವಾಮಿಗೌಡರು ಕಾಫಿ ಲೋಟ ಕೆಳಗಿಟ್ಟು ಅಡಿಗೆಯವನನ್ನು ಕೇಳಿದ ಆ ಮಾತಿಗೆ, ಗಲ್ಲಾದ ಹಿಂದೆ ಕೂತಿದ್ದ ಈಶ್ವರಯ್ಯ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದ.

ಹೊಳೆನರಸೀಪುರದ ಅವನ ಹೋಟೆಲಿಗೆ ಹೊಸದಾಗಿ ಸೇರಿದ್ದ ಅಡಿಗೆಯವನು ಲಕ್ಕಯ್ಯ ಆಗಷ್ಟೇ ದಕ್ಷಿಣ ಧ್ರುವದ ಕಥೆ ಹೇಳಿ ಮುಗಿಸಿದ್ದ. ಐವತ್ತೇಳರಲ್ಲಿ ಬೊಂಬಾಯಿಯಲ್ಲಿ ಪರದೇಶದ ಹಡಗು ಹತ್ತಿದ್ದು, ಮಂಜು ಕೊರೆದು ಅದರ ವಯಸ್ಸು ಹುಡುಕುವ ವಿಜ್ಞಾನಿಗಳಿಗೆ ಬೇಯಿಸಿ ಹಾಕಿದ್ದು, ಸಾರಿಗೆ ನೀರು ಬೇಕೆಂದರೆ ಮಂಜುಗಡ್ಡೆ ಒಡೆದು ಕರಗಿಸಿದ್ದು. ಅವರ ಗಾಡಿ ಎಳೆಯುವ ನಾಯಿಗಳಿಗೆಂದು ಸೀಲ್ ಎಂಬ ಕಡಲ ಪ್ರಾಣಿಯನ್ನು ಸುಲಿದದ್ದು.

"ಅಲಗು ಮ್ಯಾಕಿಟ್ಟು ಗೀರ್ಬೇಕು ಗೌಡ್ರೆ. ಆಮ್ಯಾಕೆ ಕತ್ತಿ ಬುಟ್ಟು, ಮುಷ್ಟಿ ತೂರ್ಸಿ ದಬ್ಬೋದು. ತೊಗಲು ತೂತಾಗಾಕಿಲ್ಲ," ಎಂದು ಗಾಳಿಯಲ್ಲೇ ಸುಲಿದು ತೋರಿಸಿದ್ದ.

"ಆ ಬಿಳೀ ಜನವೇ ಕಲ್ಸಿದ್ರಂತೆ ಗೌಡ್ರೆ," ಈಶ್ವರಯ್ಯ ನಡುವೆ ಬಾಯಿ ಹಾಕಿದ.

"ಅವನ್ನ ಕೇಳಿದ್ರೆ ನೀನ್ಯಾಕಯ್ಯ ಬೆವರ್ತೀಯ?" ಗೌಡರು ಎದ್ದರು. "ಗುಡೀಲಿ ಪುರಾಣ ಓದೋರಿಗೆಲ್ಲ ಇವತ್ ಮಧ್ಯಾಹ್ನ ನಿನ್ನ ಓಟ್ಲಿಂದ್ಲೇ ಊಟ. ಬಡಿಸೋ ಮುಂಚೆ ಇವನ್ಯಾರು ಅಂತ ತಿಳ್ಕೊ. ಎಚ್ಚುಕಮ್ಮಿ ಆದ್ರೆ ಈ ಊರಲ್ಲಿ ಯಾರೂ ನಿನ್ನ ಲೋಟ ಮುಟ್ಟಾಕಿಲ್ಲ."

ಆ ಹೋಟೆಲ್ ಬಿಟ್ಟರೆ ಈಶ್ವರಯ್ಯನಿಗೆ ಬೇರೆ ದಿಕ್ಕಿರಲಿಲ್ಲ. ನೆಂಟರಿರಲಿಲ್ಲ. ಊರು ಯಾವುದೆಂದರೆ 'ಚನ್ನರಾಯಪಟ್ಟಣದ ಆಚೆ' ಎನ್ನುವನು, ಅಷ್ಟೇ. ಹಣೆತುಂಬ ವಿಭೂತಿ. ಸಂಜೆ ಗುಡಿಯಲ್ಲಿ ಪುರಾಣ ಓದಿದರೆ ಹೊರಜಗುಲಿಯ ಕಂಬದ ಮರೆಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುವನು. ಒಳಗೆ ಕರೆದರೂ ಹೋಗುತ್ತಿರಲಿಲ್ಲ.

ಲಕ್ಕಯ್ಯನ ಮೇಲೆ ಅವನಿಗೆ ಗುಮಾನಿ ಬಂದದ್ದು ಮೊದಲ ದಿನವೇ, ಬಾಳೆದಿಂಡು ಬಿಡಿಸಿದ ರೀತಿ ನೋಡಿ. ಆ ಕೈಚಳಕ ಎಂಥವರದೆಂದು ಅವನು ಬಲ್ಲ. ಆದರೆ ಲಕ್ಕಯ್ಯನ ಸಾರಿಗೆ ಜನ ಮುಗಿಬೀಳುತ್ತಿದ್ದರು. ಹಾಗಾಗಿ ಈಶ್ವರಯ್ಯ ಬಾಯಿ ಮುಚ್ಚಿಕೊಂಡಿದ್ದ.

ಗೌಡರು ಹೋದದ್ದೇ ತಡ, ಅಡಿಗೆಮನೆಗೆ ನುಗ್ಗಿದ. ಲಕ್ಕಯ್ಯ ದಿಂಡುಗಳ ಮುಂದೆ ಕೂತಿದ್ದ.

"ನಿಜ ಬೊಗಳು. ಯಾರು ಕಲ್ಸಿದ್ದು?"

"ನಮ್ಮಪ್ಪ, ಸಾ. ಸತ್ತ ದನ ಸುಲಿಯೋದು ನಮ್ಮ ಕೇರಿ ಪಾಲಿಗೆ ಬಿದ್ದಿತ್ತಲ್ಲ." ಲಕ್ಕಯ್ಯ ತಲೆ ತಗ್ಗಿಸಲಿಲ್ಲ. "ಆ ಮಂಜಲ್ಲಿ ಯಾರೂ ಕೇರಿ ಕೇಳ್ನಿಲ್ಲ ಸಾ. ಸಾರು ಬಿಸಿ ಐತಾ ಅಂತ ಕೇಳೋರು."

"ಇದು ಮಂಜಲ್ಲ ಕಣಯ್ಯ, ಹೊಳೆನರಸೀಪುರ. ಹಿತ್ತಲ ಬಾಗಿಲಿಂದ ನಡಿ. ಈಗ್ಲೇ."

ಲಕ್ಕಯ್ಯ ಕೈ ತೊಳೆದುಕೊಂಡು ಎದ್ದು ಹೋದ.

ಈಶ್ವರಯ್ಯ ಯಾರೂ ಬರದಂತೆ ನಡುಬಾಗಿಲು ಮುಚ್ಚಿದ. ಎಲೆ ಹಾಕುವ ಹೊತ್ತಾಗುತ್ತ ಬಂದಿತ್ತು, ಪಲ್ಯ ಇನ್ನೂ ಆಗಿರಲಿಲ್ಲ. ಲಕ್ಕಯ್ಯ ಬಿಟ್ಟುಹೋದ ಕತ್ತಿ ಹಿಡಿದು ತಾನೇ ಕೂತ. ಗೌಡರು ಮತ್ತೇನು ಕೆದಕಿಯಾರೋ ಎಂದು ಮನಸ್ಸು ಕುದಿಯುತ್ತಿತ್ತು. ಕೈಗಳು ತಮ್ಮ ಪಾಡಿಗೆ ಓಡುತ್ತಿದ್ದವು. ದಿಂಡಿನ ಪದರ ಒಂದೊಂದೂ ಇಡಿಯಾಗಿ ಕಳಚಿ ಬಂತು. ಎಲ್ಲೂ ಹರಿಯಲಿಲ್ಲ.

ಮಂಜಿನ ನಾಡಿಂದ ತಂದು ಇಲ್ಲಿ ಮರೆತಿದ್ದ ಉಣ್ಣೆ ಟೋಪಿಗೆಂದು ಹಿಂದಿರುಗಿದ ಲಕ್ಕಯ್ಯ ಹಿತ್ತಲ ಬಾಗಿಲಲ್ಲೇ ನಿಂತುಬಿಟ್ಟ. ಮೇಲ್ಮುಖವಾಗಿದ್ದ ಅಲಗನ್ನು ನೋಡಿದ. ಪದರದೊಳಗೆ ತೂರಿದ್ದ ಯಜಮಾನನ ಮುಷ್ಟಿಯನ್ನು ನೋಡಿದ.

"ನಿಮ್ಮಪ್ಪಾರೂ ಚೆಂದಾಗೇ ಕಲ್ಸವ್ರೆ ಕಣಣ್ಣ."